ಚಿಕ್ಕವರು ಮೊದಲು

ಮೇಷ್ಟ್ರು ತೀರಿಕೊಂಡ ಸುದ್ದಿ ಇಬ್ಬರಿಗೂ ಬೆಳಿಗ್ಗೆ ಒಂಬತ್ತೂವರೆಗೇ ತಿಳಿದಿತ್ತು. ಆದರೂ ಹನ್ನೊಂದು ಗಂಟೆಯವರೆಗೆ ಒಬ್ಬರು ಇನ್ನೊಬ್ಬರಿಗೆ ಹೇಳಲಿಲ್ಲ.

ಮೇಷ್ಟ್ರ ಹೆಂಡತಿ ಮೊದಲು ಎಣಿಕೆಗೆ ಫೋನ್ ಮಾಡಿದ್ದರು. "ಬೆಳಗಿನ ಜಾವ ಹೋದ್ರು ಮಗಳೇ, ನಿದ್ದೆಯಲ್ಲೇ. ಗಡಿಯಾರನಿಗೆ ನೀನೇ ಮೆಲ್ಲಗೆ ಹೇಳು. ಅವನದು ಹೆಂಗರುಳು" ಎಂದಿದ್ದರು. ಆಮೇಲೆ ಮನಸ್ಸು ತಡೆಯದೆ ಗಡಿಯಾರನಿಗೂ ಫೋನ್ ಮಾಡಿ, "ಎಣಿಕೆಗೆ ನೀನೇ ಮೆಲ್ಲಗೆ ಹೇಳಪ್ಪಾ" ಎಂದಿದ್ದರು. ಅಂಥ ಹೊತ್ತಿನಲ್ಲಿ ಯಾರಿಗೆ ಏನು ಹೇಳಿದೆ ಎಂಬ ನೆನಪು ಯಾರಿಗಿರುತ್ತದೆ?

ಎಣಿಕೆ, ಗಡಿಯಾರ ಎಂಬುವು ಮೇಷ್ಟ್ರು ಇಟ್ಟ ಹೆಸರುಗಳು. ಆಕೆ ಮೆಟ್ಟಿಲು ಹತ್ತಿದರೆ ಮೆಟ್ಟಿಲೆಣಿಸುವವಳು, ಮಾತಿಗೆ ಕೂತರೆ ಎದುರಿನವರ ಅಂಗಿಯ ಗುಂಡಿ ಎಣಿಸುವವಳು. ಅವನೋ, "ಹತ್ತು ಹದಿನೆಂಟಕ್ಕೆ ನೀವು ಸೀನಿದ್ರಿ, ಈಗ ಹತ್ತೂವರೆ, ಮತ್ತೆ ಸೀನಿದ್ರಿ, ನೆಗಡಿ ಶುರುವಾಯ್ತು ಅಂತ ಕಾಣುತ್ತೆ" ಎನ್ನುವ ಜಾತಿ. ಆರು ವರ್ಷದಿಂದ ಒಂದೇ ಕೋಣೆಯಲ್ಲಿ, ಒಂದೇ ಉದ್ದನೆಯ ಮೇಜಿನ ಆಚೆ ಈಚೆ ಕೂತು ಕೆಲಸ ಮಾಡಿದವರು. ಅವಳು ಅವನನ್ನು 'ಸರ್' ಎನ್ನುತ್ತಿದ್ದಳು, ಅವನು ಅವಳನ್ನು 'ಮೇಡಂ' ಎನ್ನುತ್ತಿದ್ದ.

ಆ ದಿನ ಅವಳು ಕೋಣೆಗೆ ಬಂದಾಗ ಅವನು ಕಿಟಕಿಯ ಬಳಿಯ ತನ್ನ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ.

"ಇಲ್ಲಿ ಕೂತ್ಕೊಳ್ಳಿ ಮೇಡಂ. ಗಾಳಿ ಬರುತ್ತೆ."

ಆರು ವರ್ಷದಲ್ಲಿ ಆ ಕುರ್ಚಿಯನ್ನು ಅವನು ಯಾರಿಗೂ ಕೊಟ್ಟದ್ದಿಲ್ಲ. ಪಾಪ, ಏನೂ ಗೊತ್ತಿಲ್ಲದೆ ಖುಷಿಯಲ್ಲಿದ್ದಾರೆ ಎಂದುಕೊಂಡಳು.

"ತಿಂಡಿ ಆಯ್ತಾ ಸರ್?" ಎಂದಳು. ಇದೂ ಆರು ವರ್ಷದಲ್ಲಿ ಕೇಳಿದ ಪ್ರಶ್ನೆಯಲ್ಲ.

ಅವನು ಅವಳ ಮುಖವನ್ನೇ ಒಂದು ಕ್ಷಣ ನೋಡಿ, ಎದ್ದು ಹೋಗಿ, ಕೇಳದೆಯೇ ಕಾಫಿ ತಂದಿಟ್ಟ. ಕಪ್ಪನ್ನು ಇಡುವಾಗ ಹಿಡಿಯನ್ನು ಅವಳ ಎಡಗೈಯ ಕಡೆಗೆ ತಿರುಗಿಸಿದ. ತಾನು ಎಡಚಿ ಎಂಬುದು ಇವರ ಗಮನಕ್ಕೆ ಯಾವಾಗ ಬಂತು ಎಂದು ಅವಳಿಗೆ ಅನ್ನಿಸಿತು. ಇವರಿಗೆ ಹೇಗೆ ಹೇಳಲಿ, ಈ ಓಟ ಮುಗಿಯಲಿ, ಆಮೇಲೆ ಹೇಳೋಣ ಎಂದು ಸುಮ್ಮನಾದಳು. ಅವನೂ ಅದನ್ನೇ ಯೋಚಿಸುತ್ತಿದ್ದ.

ಓಟ ಎಂದರೆ ಕಂಪ್ಯೂಟರಿನೊಳಗಿನ ಓಟ. ಮೇಷ್ಟ್ರು ನಿವೃತ್ತಿಯ ನಂತರವೂ ಬಿಡದೆ ಹಿಡಿದುಕೊಂಡಿದ್ದ ಕೆಲಸ ಅದು. ಊರಿಗೆ ಆಪತ್ತು ಬಂದು ಟವರುಗಳು ಕೈಕೊಟ್ಟಾಗ, ನಡುವೆ ದೊಡ್ಡ ಯಂತ್ರವಾಗಲಿ ಕಚೇರಿಯಾಗಲಿ ಇಲ್ಲದೆ, ಫೋನಿನಿಂದ ಫೋನಿಗೆ ಸುದ್ದಿ ದಾಟಿ ಎಲ್ಲರನ್ನೂ ಮುಟ್ಟಬೇಕು. "ಈ ಜಾಲದಲ್ಲಿ ಯಜಮಾನ ಇಲ್ಲ, ಆಳೂ ಇಲ್ಲ. ಎಲ್ಲರೂ ಸರೀಕರು" ಎನ್ನುತ್ತಿದ್ದರು. ನಿಜವಾದ ಹತ್ತು ಲಕ್ಷ ಫೋನುಗಳ ಮೇಲೆ ಪರೀಕ್ಷೆ ಮಾಡಲಾದೀತೇ? ಅದಕ್ಕೇ ಕಂಪ್ಯೂಟರಿನೊಳಗೆ ಹತ್ತು ಲಕ್ಷ ಸುಳ್ಳು ಫೋನುಗಳನ್ನು ಹುಟ್ಟಿಸಿ, ಅವು ಬರುವುದು, ಹೋಗುವುದು, ಬ್ಯಾಟರಿ ಮುಗಿದು ಮಾಯವಾಗುವುದು, ಎಲ್ಲವನ್ನೂ ಆಡಿಸಿ ನೋಡುವುದು. ಒಂದೊಂದು ಸುಳ್ಳು ಫೋನಿಗೂ ನೋಡ್ ಎಂದು ಹೆಸರು. ಜನರ ಕೈಯಲ್ಲಿ ಓಡಾಡುವ ನೋಡ್‌ಗಳ ನಡತೆಯನ್ನು ಎಣಿಕೆ ಬರೆದಿದ್ದಳು. ಮನೆಯಲ್ಲಿ, ಅಂಗಡಿಯಲ್ಲಿ ಸದಾ ಚಾಲೂ ಇರುವ ನೋಡ್‌ಗಳ ನಡತೆಯನ್ನು ಗಡಿಯಾರ ಬರೆದಿದ್ದ. ಬೇರೆ ಬೇರೆಯಾಗಿ ಓಡಿಸಿದಾಗ ಎರಡೂ ಸರಾಗವಾಗಿ ಓಡಿದ್ದವು. ಎರಡನ್ನೂ ಸೇರಿಸಿ ಹತ್ತು ಲಕ್ಷಕ್ಕೆ ಓಡಿಸುತ್ತಿದ್ದುದು ಅಂದೇ ಮೊದಲು.

ಮುಕ್ಕಾಲು ಗಂಟೆ ಹಿಡಿಯಬೇಕಾದ ಓಟ ಹನ್ನೊಂದು ನಿಮಿಷಕ್ಕೆ ನಿಂತಿತು. ಪರದೆಯ ಮೇಲೆ ದೋಷವೆಂದು ಒಂದು ಕೆಂಪಕ್ಷರವೂ ಇಲ್ಲ. ಸುದ್ದಿ ಮುಟ್ಟಿದ್ದು ಆರು ಲಕ್ಷ ಚಿಲ್ಲರೆ ನೋಡ್‌ಗಳಿಗೆ. ಉಳಿದವು ಮೌನ.

ಮತ್ತೊಮ್ಮೆ ಓಡಿಸಿದರು. ಮತ್ತೆ ಹನ್ನೊಂದು ನಿಮಿಷ.

"ಇದೇನಿದು ವಿಚಿತ್ರ" ಎಂದು ಗಡಿಯಾರ ಅಭ್ಯಾಸಬಲದಿಂದ ಫೋನ್ ಕೈಗೆತ್ತಿಕೊಂಡ. "ಮೇಷ್ಟ್ರನ್ನ ಕೇಳಿಬಿಡೋಣ..."

ಅಷ್ಟು ಹೇಳಿ ಅವನ ಕೈ ಅಲ್ಲೇ ನಿಂತಿತು. ಅವನು ತಲೆಯೆತ್ತಿದ. ಅವಳ ಕಣ್ಣು ತುಂಬಿತ್ತು.

"ನಿಮಗೆ ಗೊತ್ತಾ?" ಎಂದ.

"ನಿಮಗೂ ಗೊತ್ತಾ?"

"ಒಂಬತ್ತು ಇಪ್ಪತ್ತೇಳಕ್ಕೆ ಗೊತ್ತಾಯ್ತು."

"ನನಗೆ ಅದಕ್ಕೂ ಮುಂಚೆ."

ಸತ್ತವರ ಮನೆಗೆ ಹೊರಟ ಆಟೋದಲ್ಲಿ ಇಬ್ಬರೂ ಒಂದೊಂದು ಅಂಚಿಗೆ ಕೂತಿದ್ದರು. ನಡುವೆ ಅವಳ ಕೈಚೀಲ.

*

ಮೇಷ್ಟ್ರನ್ನು ಕಳಿಸಿಕೊಟ್ಟ ಮೇಲಿನ ಸೋಮವಾರ ಗಡಿಯಾರ ಇನ್ನೊಂದು ಸುದ್ದಿ ಹೇಳಿದ. ಹೇಳಿದನೆಂದರೆ, ಕಾಗದವನ್ನು ಮೇಜಿನ ಮೇಲೆ ಅವಳಿಗೆ ಕಾಣುವಂತೆ ಬಿಟ್ಟು ಕೈತೊಳೆಯಲು ಹೋದ. ದೂರದ ಊರಿನ ಒಂದು ಸಂಸ್ಥೆ ಅವನನ್ನು ದೊಡ್ಡ ಹುದ್ದೆಗೆ ಕರೆದಿತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ಅವನು ಬಂದು ಕೂತಾಗ ಅವಳು, "ಒಳ್ಳೇ ಕೆಲಸ" ಎಂದಳು.

"ಒಳ್ಳೇ ಕೆಲಸವೇ" ಎಂದ ಅವನು.

"ಹೋಗ್ತೀರಾ?"

"ಹೋಗಬಾರದು ಅನ್ನೋಕೆ ಕಾರಣ ಏನಾದ್ರೂ ಇದ್ರೆ..." ಎಂದು ಪೆನ್ಸಿಲನ್ನು ಉದ್ದಕ್ಕೆ ಇಟ್ಟು, ಮತ್ತೆ ಅಡ್ಡಕ್ಕೆ ಇಟ್ಟ.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಕನ್ನಡಕ ತೆಗೆದರೆ ಅವನ ಮುಖ ಮಬ್ಬಾಗುತ್ತದೆ. ಮಬ್ಬಾದ ಮುಖವನ್ನು ಎಷ್ಟು ಹೊತ್ತಾದರೂ ನೋಡಬಹುದು. ಇದು ಅವಳು ಮೂರನೆಯ ವರ್ಷದಲ್ಲೇ ಕಂಡುಕೊಂಡ ಉಪಾಯ.

ಆ ಸಂಜೆ ತಂಗಿ ಫೋನ್ ಮಾಡಿದಳು. ದಿನಾ ಮಾಡುವವಳೇ.

"ಅಕ್ಕಾ, ನಿನ್ನ ಸರ್ ಹೇಗಿದ್ದಾರೆ?"

"ನನ್ನ ಸರ್ ಅಲ್ಲ. ಆಫೀಸಿನ ಸರ್."

"ಆಯ್ತು, ಆಫೀಸಿನ ನಿನ್ನ ಸರ್ ಹೇಗಿದ್ದಾರೆ?"

"ಬೇರೆ ಊರಿಗೆ ಹೋಗ್ತಾರಂತೆ."

ಅತ್ತ ಕಡೆ ಕುಕ್ಕರ್ ಕೂಗಿತು. "ಬೇಡ ಅಂತ ಹೇಳಿದ್ಯಾ?" ಎಂದು ಕೇಳಿದಳು ತಂಗಿ.

"ನಾನ್ಯಾಕೆ ಹೇಳಲಿ? ನನಗೆ ನಲವತ್ತೆರಡು, ಅವರಿಗೆ ಮೂವತ್ತೊಂಬತ್ತು. ಇಂಥ ಮಾತನ್ನ ಚಿಕ್ಕವರು ಮೊದಲು ಎತ್ತಬೇಕು. ನಾನೇ ಬಾಯಿಬಿಟ್ಟರೆ, ವಯಸ್ಸಾದವಳು ಹುಡುಗನ ಬೆನ್ನು ಬಿದ್ದಳು ಅಂತ ಆಗುತ್ತೆ."

"ಮೂವತ್ತೊಂಬತ್ತರವನು ಹುಡುಗನಾ? ತಲೆ ಮುಂಭಾಗ ಬಯಲಾಗಿದೆ, ಪಾಪ."

"ಬಯಲೇನೂ ಆಗಿಲ್ಲ" ಎಂದು ಅವಳು ಥಟ್ಟನೆ ಹೇಳಿದಳು. ತಂಗಿ ನಗುತ್ತ ಫೋನಿಟ್ಟಳು.

*

ಬುಧವಾರದ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಬರವಣಿಗೆಯನ್ನು ಎರಡೆರಡು ಸಲ ಓದಿ ಮುಗಿಸಿದ್ದರು. ತಪ್ಪು ಸಿಕ್ಕಲಿಲ್ಲ. ಮೇಷ್ಟ್ರ ಕೊನೆಯ ಕೆಲಸ ಅರ್ಧಕ್ಕೆ ನಿಂತಿತಲ್ಲ ಎಂಬ ಕೊರಗು ಒಂದು ಕಡೆ, ಶುಕ್ರವಾರ ಹತ್ತಿರ ಬರುತ್ತಿದೆಯಲ್ಲ ಎಂಬ ಕೊರಗು ಇನ್ನೊಂದು ಕಡೆ. ಯಾವ ಕೊರಗಿಗೆ ಎಷ್ಟು ನಿಟ್ಟುಸಿರು ಎಂದು ಎಣಿಕೆಗೂ ಎಣಿಸಲಾಗಲಿಲ್ಲ.

"ಹೀಗೆ ಮಾಡೋಣ" ಎಂದಳು ಅವಳು. "ಹತ್ತು ಲಕ್ಷ ಬೇಡ. ಮೌನವಾಗಿರೋ ಒಂದೇ ಒಂದು ಜೋಡಿ ಹಿಡಿಯೋಣ. ನನ್ನ ನೋಡ್ ಒಂದು, ನಿಮ್ಮ ನೋಡ್ ಒಂದು. ಅವು ಕೊನೇಲಿ ಏನು ಮಾಡ್ತಿದ್ವು ನೋಡೋಣ."

ಅವನು ಕುರ್ಚಿಯನ್ನು ಮೇಜಿನ ಈಚೆಗೆ ತಂದ. ಒಂದೇ ಪರದೆಗೆ ಇಬ್ಬರೂ ಬಗ್ಗಿದರು. ಅವನ ಅಂಗಿಯ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಪರದೆಯನ್ನು ಬಹಳ ಶ್ರದ್ಧೆಯಿಂದ ನೋಡಿದರು.

"ಕಾಯುತ್ತಿದೆ" ಎಂದು ಅವಳು ಓದಿದಳು. "ನನ್ನ ನೋಡ್ ಕಾಯ್ತಾ ಇದೆ."

"ನನ್ನದೂ ಕಾಯ್ತಾ ಇದೆ."

"ಯಾರಿಗೆ?"

"ನಿಮ್ಮದಕ್ಕೆ."

"ನನ್ನದು ನಿಮ್ಮದಕ್ಕೆ."

ಯಂತ್ರ ಏಕೆ ದೋಷ ತೋರಿಸಲಿಲ್ಲ ಎಂಬುದು ಆಗ ತಿಳಿಯಿತು. ಕಾಯುವುದು ಯಂತ್ರದ ಲೆಕ್ಕದಲ್ಲಿ ದೋಷವಲ್ಲ.

ಎರಡು ನೋಡ್‌ಗಳು ಹೊಸದಾಗಿ ಎದುರಾದರೆ ಯಾರು ಮೊದಲು ಮಾತಾಡಿಸಬೇಕೆಂದು ಒಂದು ನಿಯಮ ಬೇಕಿತ್ತು. ಇಲ್ಲದಿದ್ದರೆ ಎಲ್ಲರೂ ಎಲ್ಲರನ್ನೂ ಕೂಗಿ ಸಂತೆಯಾಗುತ್ತದೆ. ಒಂದು ವರ್ಷದ ಹಿಂದೆ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಮೇಷ್ಟ್ರು ಅದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಚಿಕ್ಕವರು ಮೊದಲು ಮಾತಾಡಿಸಲಿ, ಅಷ್ಟೇ." ಇಬ್ಬರೂ ತಲೆಯಾಡಿಸಿ ಬಂದು ಹಾಗೆಯೇ ಬರೆದಿದ್ದರು.

"ಚಿಕ್ಕವರು ಅಂದ್ರೆ ಚಿಕ್ಕ ನಂಬರಿನವರು" ಎಂದಳು ಎಣಿಕೆ. "ಪ್ರತಿ ನೋಡ್‌ಗೂ ನಂಬರ್ ಇದೆ. ಯಾರ ನಂಬರ್ ಕಡಿಮೆಯೋ ಅವರು ಮಾತಾಡಿಸಬೇಕು."

"ಎಲ್ಲಾದ್ರೂ ಉಂಟೇ ಮೇಡಂ? ಚಿಕ್ಕವರು ಅಂದ್ರೆ ಆಮೇಲೆ ಬಂದವರು. ಜಾಲಕ್ಕೆ ತಡವಾಗಿ ಸೇರಿದವರು. ಹೊಸಬರು ತಾನೇ ಬಂದು ಪರಿಚಯ ಮಾಡ್ಕೋಬೇಕು?"

"ಅಂದ್ರೆ ಈ ಜೋಡೀಲಿ..." ಅವಳು ಬೆರಳಿಟ್ಟು ತೋರಿಸಿದಳು. "ನನ್ನದರ ನಂಬರ್ ದೊಡ್ಡದು. ಅದಕ್ಕೇ ನಿಮ್ಮದು ಮಾತಾಡಿಸಲಿ ಅಂತ ಕಾಯ್ತಿದೆ."

"ನನ್ನದು ಮೊದಲೇ ಬಂದಿದೆ. ಅದಕ್ಕೇ ಆಮೇಲೆ ಬಂದ ನಿಮ್ಮದು ಮಾತಾಡಿಸಲಿ ಅಂತ ಕಾಯ್ತಿದೆ."

"ನಮ್ಮ ಕಡೆಯದು ಒಂದು, ನಿಮ್ಮ ಕಡೆಯದು ಒಂದು ಸೇರಿದ ಜೋಡಿಗಳಲ್ಲಿ ನಾಲ್ಕಕ್ಕೊಂದು ಹೀಗೇ ಕೂತಿರುತ್ತೆ." ಅವಳು ಆಗಲೇ ಎಣಿಸಿ ಮುಗಿಸಿದ್ದಳು.

"ಮರ್ಯಾದಸ್ಥರು" ಎಂದ ಅವನು. ಅವಳಿಗೆ ನಗು ಬಂತು. ಮೇಷ್ಟ್ರು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಅವಳಿಗೆ ಏನೋ ಹೊಳೆದು ನಗು ನಿಂತಿತು. ಅವನು ಈ ಸಂಸ್ಥೆಗೆ ಬಂದು ಹದಿಮೂರು ವರ್ಷ. ಅವಳು ಬಂದು ಆರು. ವಯಸ್ಸಿನ ನಂಬರು ನೋಡಿದರೆ ಅವನು ಚಿಕ್ಕವನು. ಬಂದ ಹೊತ್ತು ನೋಡಿದರೆ ಅವಳು ಚಿಕ್ಕವಳು. ಪರದೆಯ ಮೇಲೆ ಕಾಯುತ್ತ ಕೂತ ಆ ಎರಡು ಸಾಲುಗಳನ್ನು ಅವಳು ಮತ್ತೆ ನೋಡಲಾರದೆ ಹೋದಳು.

ಅವನ ಕಿವಿಯೂ ಕೆಂಪಗಾಗಿತ್ತು.

"ಇಬ್ಬರಲ್ಲಿ ಯಾರದು ಸರಿ ಅಂತ ಮೇಷ್ಟ್ರ ಮನೆಯ ಅಮ್ಮನ್ನೇ ಕೇಳೋಣ" ಎಂದ. "ಮೇಷ್ಟ್ರು ಎಲ್ಲಾ ಅವರಿಗೆ ಓದಿ ಹೇಳ್ತಿದ್ರು."

*

ಗುರುವಾರ ಮಧ್ಯಾಹ್ನ ಮೇಷ್ಟ್ರ ಹೆಂಡತಿ ಬಾಗಿಲು ತೆರೆದಾಗ ಅವರ ಕೈಯಲ್ಲಿ ಮೇಷ್ಟ್ರ ಅಂಗಿಯಿತ್ತು. ಗುಂಡಿ ಹಾಕುತ್ತಿದ್ದರಂತೆ. "ಇನ್ಯಾರು ತೊಡಬೇಕು ಅಂತ ಕೇಳ್ಬೇಡಿ. ಹೋದ ತಿಂಗಳು ಹಾಕಿಕೊಡ್ತೀನಿ ಅಂದಿದ್ದೆ" ಎಂದು ತಾವೇ ಹೇಳಿದರು. ಅವರಿಗೆ ದುಃಖವಿತ್ತು, ಆದರೆ ಅದನ್ನು ಬಂದವರ ಮಡಿಲಿಗೆ ಸುರಿಯುವವರಲ್ಲ. ಬೆಳಿಗ್ಗೆ ಸಂಜೆ ದೇವರ ಮುಂದೆ ಕೂತು ಹೇಳಿಕೊಂಡರೆ ಅವರಿಗೆ ಸಾಕಾಗುತ್ತಿತ್ತು.

ಇಬ್ಬರ ವಾದವನ್ನೂ ಅವರು ದಾರ ಪೋಣಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದರು.

"ಎರಡೂ ಅಲ್ಲ. ನಿಮ್ಮ ಮೇಷ್ಟ್ರದು ಯಾವಾಗಲೂ ಅರ್ಧ ಮಾತು. ಚಿಕ್ಕವರು ಅಂದ್ರೆ ಬಳಗ ಚಿಕ್ಕದಿರೋರು. ಯಾರಿಗೆ ಮಾತಾಡೋರು ಕಡಿಮೆಯೋ ಅವರು ಮೊದಲು ಮಾತಾಡಿಸಲಿ ಅಂತ. ಅವರಿಗೇ ತಾನೇ ಬೇಕಾಗಿರೋದು? ತುಂಬಿದ ಮನೆಯವರಿಗೆ ಏನು ಅವಸರ?"

"ಅಮ್ಮಾ, ಇಬ್ಬರದೂ ಸಮವಾಗಿದ್ರೆ?" ಎಂದು ಎಣಿಕೆ ಕೇಳಿದಳು.

"ಸಮವಾಗಿದ್ರೆ ಇಬ್ಬರೂ ಮಾತಾಡಲಿ. ಒಟ್ಟಿಗೆ ಮಾತಾಡಿದ್ರೆ ಏನು ಮುಳುಗಿ ಹೋಗುತ್ತೆ?" ಅವರು ದಾರವನ್ನು ಹಲ್ಲಿನಿಂದ ಕಡಿದರು. "ಅವರು ಹೋದ ದಿನ ನನಗೆ ಅದೇ ನೆನಪಾಯ್ತು. ಈಗ ಎಲ್ಲರಿಗಿಂತ ನನ್ನ ಬಳಗವೇ ಚಿಕ್ಕದು, ಯಾರಾದ್ರೂ ವಿಚಾರಿಸಲಿ ಅಂತ ಕೂತ್ರೆ ಆಗಲ್ಲ ಅಂತ ನಾನೇ ನಿಮಗೆ ಫೋನ್ ಹಚ್ಚಿದೆ."

ಅವರು ಅಂಗಿ ಮಡಿಸಿ, "ಹೊರಡಿ, ಬಿಸಿಲು ಇಳೀತು. ನಡ್ಕೊಂಡೇ ಹೋಗಿ, ದಾರಿ ಚಿಕ್ಕದು" ಎಂದರು. ದಾರಿ ಚಿಕ್ಕದೇನೂ ಆಗಿರಲಿಲ್ಲ.

*

ಬೀದಿಯ ಒಂದು ಬದಿಗೆ ನೆರಳಿತ್ತು. ನೆರಳು ಇಬ್ಬರಿಗೆ ಸಾಲುವಷ್ಟು ಅಗಲವಿಲ್ಲದ್ದರಿಂದ ಅವನು ಬಿಸಿಲಿನಲ್ಲಿ ನಡೆದ. ಸೈಕಲ್ ಅಂಗಡಿ ದಾಟಿದರು. ಇಸ್ತ್ರಿಯ ಅಂಗಡಿ ದಾಟಿದರು. ಇನ್ನೂರು ಹೆಜ್ಜೆಯವರೆಗೆ ಎಣಿಸಿ ಅವಳು ಎಣಿಕೆ ಬಿಟ್ಟಳು.

"ನಿಮ್ಮ ಬಳಗ ಎಷ್ಟು ಜನ ಸರ್?" ಎಂದಳು, ಏನೋ ಕಚೇರಿಯ ಮಾಹಿತಿ ಕೇಳುವವಳಂತೆ.

"ಯಾಕೆ ಮೇಡಂ?"

"ಸುಮ್ಮನೆ. ನಿಯಮ ಹೊಸದು. ಪರೀಕ್ಷೆ ಮಾಡ್ಬೇಕಲ್ಲ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ನಾಲ್ಕು. ನಿಮ್ಮದು?"

"ತಂಗಿ, ಅವಳ ಗಂಡ, ಅವರ ಮಗಳು, ಅಮ್ಮ. ನಾಲ್ಕು."

"ಸಮ ಆಯ್ತು."

"ನಾನು ಬಿಡಿಸಿ ಹೇಳಿದೆ. ನೀವು ಬರೀ ಮೊತ್ತ ಹೇಳಿದ್ರಿ."

"ಅಣ್ಣ" ಎಂದ ಅವನು. "ಅತ್ತಿಗೆ. ಅಮ್ಮ."

"ಮೂರಾಯ್ತು. ನಾಲ್ಕನೆಯವರು?"

ಅವನು ಕೈಗಡಿಯಾರ ನೋಡಿಕೊಂಡ. "ಐದು ಹನ್ನೆರಡು" ಎಂದ.

"ನಾನು ಟೈಮ್ ಕೇಳಲಿಲ್ಲ."

"ಗೊತ್ತು." ಅವನು ನಿಂತ. ಅವಳೂ ನಿಂತಳು. ಮುಖಕ್ಕೆ ಬಿಸಿಲು ಬಿದ್ದು ಅವನು ಕಣ್ಣು ಕಿರಿದು ಮಾಡಿದ್ದ. "ನಾಲ್ಕನೆಯವರು ನೀವು. ನಿಮ್ಮನ್ನ ಕೇಳದೆ ಸೇರಿಸಿಕೊಂಡಿದ್ದೇನೆ. ನೀವು ಬಂದ ಮೊದಲನೇ ವರ್ಷದಿಂದ ಹಾಗೇ ಎಣಿಸಿ ಅಭ್ಯಾಸ. ತಪ್ಪಾಗಿದ್ರೆ ತೆಗೆದುಹಾಕ್ತೀನಿ."

ಅವಳ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಈ ಸಲ ತೆಗೆಯಲಿಲ್ಲ. ಅವನ ಮುಖ ಸ್ಪಷ್ಟವಾಗಿ ಕಾಣುತ್ತಿರಲಿ ಎನ್ನಿಸಿತು.

"ನಾನು ಒಪ್ಪೋ ತನಕ ನನ್ನನ್ನ ಎಣಿಸೋ ಹಾಗಿಲ್ಲ" ಎಂದಳು. "ಅಂದ್ರೆ ನಿಮ್ಮದು ಮೂರೇ. ನನ್ನದಕ್ಕಿಂತ ಚಿಕ್ಕದು. ಮೊದಲು ಮಾತಾಡಬೇಕಾಗಿದ್ದವರು ನೀವೇ."

"ಈಗ ಮಾತಾಡಿದ್ನಲ್ಲ."

"ಆರು ವರ್ಷ ತಡವಾಗಿ."

"ಆರು ವರ್ಷ ಎರಡು ತಿಂಗಳು" ಎಂದು ಅವನು ತಿದ್ದಿದ. ತಿದ್ದಿದ ಮೇಲೆ ತನಗೇ ನಾಚಿಕೆಯಾಗಿ ನೆಲ ನೋಡಿದ.

"ತಪ್ಪು ನನ್ನದೂ ಇದೆ" ಎಂದಳು ಅವಳು. ದನಿ ಸಣ್ಣದಾಯಿತು. "ನಾನು ಎಣಿಸುವಾಗ ಒಬ್ಬರನ್ನ ಬಿಟ್ಟು ಎಣಿಸಿದೆ. ಇದುವರೆಗೆ ಯಾವ ಲೆಕ್ಕದಲ್ಲೂ ಹಾಗೆ ಮಾಡಿದವಳಲ್ಲ. ಬಾಯಲ್ಲಿ ಹೇಳೋಕೆ ಧೈರ್ಯ ಬರಲಿಲ್ಲ. ನನ್ನದು ಐದು."

ಅವನು ತಲೆಯೆತ್ತಿ ನೋಡಿದ ನೋಟವನ್ನು ಅವಳು ಮುಂದೆ ಎಷ್ಟೋ ವರ್ಷ ನೆನೆದಳು. ಲೆಕ್ಕ ಸರಿಹೋದಾಗ ಮನುಷ್ಯನ ಮುಖದಲ್ಲಿ ಬರುವ ಬೆಳಕಷ್ಟೇ ಅಲ್ಲ ಅದು. ಬಹಳ ಹೊತ್ತು ನಿಂತೇ ಇದ್ದವನಿಗೆ ಯಾರೋ ಕೂರಲು ಹೇಳಿದಂತಿತ್ತು.

"ಹೋಗಬಾರದು ಅನ್ನೋಕೆ ಕಾರಣ ಕೇಳಿದ್ರಿ ಸೋಮವಾರ" ಎಂದಳು. "ಇದು ಸಾಲುತ್ತಾ?"

"ಸಾಲುತ್ತೆ ಮೇಡಂ."

"ಇನ್ನು ಮೇಡಂ ಬೇಡ."

"ಮತ್ತೇನಂತ ಕರೀಲಿ?"

"ಮನೆಗೆ ಹೋಗಿ ಯೋಚನೆ ಮಾಡಿ. ನಾನೂ ಯೋಚನೆ ಮಾಡ್ಬೇಕು. 'ಸರ್' ಬಿಟ್ಟರೆ ಬೇರೆ ಏನೂ ನನ್ನ ನಾಲಿಗೆಗೆ ಅಭ್ಯಾಸ ಇಲ್ಲ."

ಅವನು ಫೋನ್ ತೆಗೆದು, ಅಲ್ಲೇ ನಿಂತು, ದೂರದ ಊರಿನ ಸಂಸ್ಥೆಗೆ ಬರಲಾಗುವುದಿಲ್ಲವೆಂದು ನಾಲ್ಕು ಸಾಲು ಬರೆದ. ಕಳಿಸುವ ಮುಂಚೆ ಅವಳಿಗೆ ಓದಲು ಕೊಟ್ಟ. ಅವಳು ಒಂದು ಅಲ್ಪವಿರಾಮ ಸೇರಿಸಿ ಹಿಂತಿರುಗಿಸಿದಳು. ಆಮೇಲೆ ಇಬ್ಬರೂ ನೆರಳಿನಲ್ಲೇ ನಡೆದರು. ಸ್ವಲ್ಪ ಒತ್ತಿಕೊಂಡರೆ ಅದು ಇಬ್ಬರಿಗೂ ಸಾಲುತ್ತಿತ್ತು.

*

ಹೊಸ ನಿಯಮ ಬರೆಯಲು ಶುಕ್ರವಾರ ಇಡೀ ದಿನ ಹಿಡಿಯಿತು. ಈ ಸಲ ಇಬ್ಬರೂ ಒಂದೇ ಕಡೆ ಕೂತು, ಒಂದೊಂದು ಸಾಲನ್ನೂ ಇಬ್ಬರೂ ಗಟ್ಟಿಯಾಗಿ ಓದಿ ಒಪ್ಪಿಕೊಂಡ ಮೇಲೆಯೇ ಮುಂದಿನ ಸಾಲು ಬರೆದರು. ಶನಿವಾರ ಬೆಳಿಗ್ಗೆ ಓಟ ಶುರುವಾಯಿತು. ಹನ್ನೊಂದು ನಿಮಿಷ ದಾಟಿತು. ಅರ್ಧ ಗಂಟೆ ದಾಟಿತು. ನಲವತ್ಮೂರನೆಯ ನಿಮಿಷಕ್ಕೆ ಮುಗಿದಾಗ, ಚಾಲೂ ಇದ್ದ ನೋಡ್‌ಗಳಲ್ಲಿ ಸುದ್ದಿ ಮುಟ್ಟದೆ ಉಳಿದದ್ದು ಒಂದೂ ಇರಲಿಲ್ಲ. ಅವಳು ಸೊನ್ನೆಯನ್ನು ಮೂರು ಸಲ ಓದಿದಳು. ಎಣಿಸಲು ಏನೂ ಇಲ್ಲದ್ದಕ್ಕೆ ಅಷ್ಟು ಸಂತೋಷಪಟ್ಟದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

ಭಾನುವಾರ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಓಟದ ಸುದ್ದಿಯನ್ನು ಅವನು ಹೇಳಿದ. ಇನ್ನೊಂದು ಸುದ್ದಿಯನ್ನು ಹೇಳುವ ಮುಂಚೆಯೇ ಮೇಷ್ಟ್ರ ಹೆಂಡತಿ ಎರಡೂ ಕೈಯಿಂದ ಅವಳ ಗಲ್ಲ ಹಿಡಿದರು. "ನಿಮ್ಮ ಮುಖ ನೋಡಿದ್ರೆ ಗೊತ್ತಾಗಲ್ವೇನೇ. ಅವರಿದ್ದಿದ್ರೆ ಎಷ್ಟು ಕೀಟಲೆ ಮಾಡ್ತಿದ್ರು" ಎಂದರು. ಹಾಗೆನ್ನುತ್ತಲೇ, ಇಷ್ಟು ದಿನ ತಡೆದಿದ್ದ ಅಳು ಅವರಿಗೆ ಬಂತು. ಇಬ್ಬರೂ ಅವರ ಎರಡು ಪಕ್ಕದಲ್ಲಿ ಕೂತರು. ಅಳು ಮುಗಿಯುವ ತನಕ ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ದಿನಾ ಈ ಹೊತ್ತಿಗೆ ಅವರಿಗಾಗಿ ದೇವರಲ್ಲಿ ಕೇಳ್ಕೋತೀನಿ. ಇವತ್ತು ಗಂಟಲು ಕಟ್ಟಿದೆ. ನೀನು ಹೇಳು ಮಗಳೇ."

"ನನಗೆ ಪ್ರಾರ್ಥನೆ ಗೊತ್ತಿಲ್ಲ ಅಮ್ಮಾ."

"ಗೊತ್ತಿರಬೇಕಾಗಿಲ್ಲ. ಮನಸ್ಸಿನಲ್ಲಿ ಇದ್ದದ್ದು ಹೇಳು. ದೇವರಿಗೆ ಅರ್ಥವಾಗುತ್ತೆ."

ಅವಳು ಕೈಮುಗಿದು ಕಣ್ಣು ಮುಚ್ಚಿದಳು. ಪಕ್ಕದಲ್ಲಿ ಅವನೂ ಕಣ್ಣು ಮುಚ್ಚಿದ.

"ದೇವರೇ, ನಮ್ಮ ಮೇಷ್ಟ್ರು ನಿನ್ನ ಬಳಿಗೆ ಬಂದಿದ್ದಾರೆ. ಅವರು ಒಳ್ಳೆಯವರು. ನಮ್ಮನ್ನ ಗದರಿದ್ದಕ್ಕಿಂತ ಹೆಚ್ಚು ನಗಿಸಿದ್ದಾರೆ. ಕೊನೆ ಕೊನೆಗೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಈಗ ಆ ಕಷ್ಟ ಬೇಡ. ಅವರಿಗೆ ಒಳ್ಳೆಯ ಗಾಳಿ, ಒಳ್ಳೆಯ ಬೆಳಕು ಇರೋ ಜಾಗ ಕೊಡು. ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರಿಂದ ಏನಾದ್ರೂ ತಪ್ಪಾಗಿದ್ರೆ ಮನ್ನಿಸು. ಇಲ್ಲಿ ಅಮ್ಮನ್ನ ನಾವು ನೋಡ್ಕೋತೀವಿ, ಅವರು ಚಿಂತೆ ಮಾಡೋದು ಬೇಡ ಅಂತ ತಿಳಿಸು. ಆ ಜೀವ ದಣಿದಿದೆ ತಂದೆ, ನಿನ್ನ ಮಡಿಲಲ್ಲಿ ನೆಮ್ಮದಿಯಾಗಿರಲಿ."